ತಿಮ್ಮಣ್ಣ ಕಾಕಾ ಹೇಳದ ಮಾತು

ಮಾನ್ವಿಯ ನಮ್ಮ ಅತ್ತೆಯ ಮನೆಯಲ್ಲಿ ಟ್ರಿಪ್ಪರನ್ನು ತಪ್ಪಿಸಿ ವೈರು ನೇರವಾಗಿ ಹಚ್ಚಲು ಹೇಳಿದ್ದು ನಾನು. ವೈರಿಂಗ್ ತಿಮ್ಮಣ್ಣ ಕಾಕಾ ಅಲ್ಲ. ದನಿ ಅವರದ್ದು, ನಿಜ — ಮಾತಿನ ಮುಂಚಿನ ಕೆಮ್ಮು ಅವರದ್ದು, ನಡುನಡುವೆ ಎಳೆದುಕೊಳ್ಳುವ ಉಸಿರು ಅವರದ್ದು, "ಕೇಳ್ರಿಲ್ಲೆ ಯಕ್ಕಾ" ಎಂಬ ಆರಂಭ ಕೂಡ ಅವರದ್ದೇ. ಬಾಯಿ ಮಾತ್ರ ನನ್ನದು. ಹುಸೇನಪ್ಪ ಮಾಮಾನ ಬಲಗೈ ಕೆಟ್ಟಿದ್ದು ಆ ಬಾಯಿಂದ.

ಮೂರು ಬೇಸಿಗೆ ಇದನ್ನು ನುಂಗಿಕೊಂಡಿದ್ದೆ. ಇಡೀ ಊರಿನವರ ದನಿ ತೆಗೆಯುವವನಿಗೆ ಈ ಒಂದು ಮಾತು ಹೊರಡಲಿಲ್ಲ.

ನಾನು ಗೌತಮ. ಮನೆ ರಾಯಚೂರಿನಲ್ಲಿ, ಕೆಲಸ ದೇವದುರ್ಗದ ಒಂದು ಹೈಸ್ಕೂಲಿನಲ್ಲಿ — ವಿಜ್ಞಾನದ ಅತಿಥಿ ಶಿಕ್ಷಕ. ಊಟಕ್ಕೆ ಕರೆದು, ಕೈ ತೊಳೆಯುವ ಮೊದಲೇ ಎಬ್ಬಿಸಿ ಕಳಿಸುತ್ತಾರಲ್ಲ, ಆ ಥರದ ಅತಿಥಿ. ಉಳಿದ ಹೊತ್ತು ಮಿಮಿಕ್ರಿ. ನಮ್ಮ ಹೆಡ್‌ಮಾಸ್ತರರು ಚಹಾ ಕೇಳಿದರೂ ಸುತ್ತೋಲೆ ಓದಿದಂತಿರುತ್ತದೆ, ಅವರನ್ನು ಮಾಡುತ್ತೇನೆ. ಬಸ್ಸಿನ ಕಂಡಕ್ಟರ್, ಸಂತೆಯ ಬದನೆಕಾಯಿ ಯಮ್ಮ, ಫೋನಿನಲ್ಲಿ ದೊಡ್ಡ ಸಾಹೇಬರ ಜತೆ ಮಾತಾಡುವಾಗ ಸಣ್ಣಗಾಗುವ ನಮ್ಮಪ್ಪ — ಯಾರನ್ನೂ ಬಿಟ್ಟಿಲ್ಲ. ನನ್ನನ್ನೂ ಮಾಡುತ್ತೇನೆ: ಪಗಾರ ಇನ್ನೂ ಆಗಿಲ್ಲ ಎಂದು ಅವ್ವನಿಗೆ ಹೇಳುವ ಗೌತಮ. ಆ ಐಟಂಗೆ ನಮ್ಮ ಮನೆಯಲ್ಲಿ ಒಳ್ಳೆ ಚಪ್ಪಾಳೆ.

ತಿಮ್ಮಣ್ಣ ಕಾಕಾ ನನ್ನ ಐಟಂಗಳಲ್ಲೆಲ್ಲ ಮೇಲಿನವರು. ಮಾನ್ವಿಯ ಹಳೇ ಓಣಿಗಳ ಅರ್ಧ ಮನೆಗಳಿಗೆ ಅವರೇ ವೈರಿಂಗ್. ಬೆಳಿಗ್ಗೆ ಬರುತ್ತೇನೆಂದರೆ ಸಂಜೆಗೆ ಬರುವವರು, ಬಂದರೆ ಮೊದಲು ತಮ್ಮ ಹಿಂದಿನ ಕೆಲಸವನ್ನು ತಾವೇ ಹೊಗಳುವವರು, ಚಹಾದಲ್ಲಿ ಸಕ್ಕರೆ ಕಡಿಮೆಯಾದರೆ ಇಕ್ಕಳ ಮರೆತು ಹೋಗುವವರು. ಒಂದು ದಿನ ದೇವದುರ್ಗ, ಒಂದು ದಿನ ಹೊಳೆದಂಡೆಯ ಗೂಗಲ್ ಎಂಬ ಊರು, ಇನ್ನೊಂದು ದಿನ ಯಾವುದೋ ರೈಸ್‌ಮಿಲ್ಲು — ಹೀಗೆ ತಿರುಗುವುದರಿಂದ ಅವರ ಅರ್ಧ ರಿಪೇರಿ ಫೋನಿನಲ್ಲೇ ನಡೆಯುತ್ತಿತ್ತು. ಮನೆಯ ಹೆಂಗಸರು ಫ್ಯೂಜಿನ ಡಬ್ಬಿಯ ಮುಂದೆ ನಿಂತು ಏನು ಕಾಣುತ್ತದೆ ಎಂದು ಹೇಳುವುದು, ಅವರು ಅಲ್ಲಿಂದ ಏನು ಮಾಡಬೇಕು ಎಂದು ಹೇಳುವುದು. ಅವರ ದನಿ ಬಂದರೆ ಮುಗಿಯಿತು, ಎದುರಿಗೆ ಅವರೇ ನಿಂತ ಹಾಗೆ. ಓಣಿಯ ರೂಢಿ ಅದು. ನಾನು ಕೈ ಹಾಕಿದ್ದು ಆ ರೂಢಿಗೆ.

ಅತ್ತೆಯ ಮನೆ ಎಂದರೆ ನಮ್ಮಪ್ಪನ ಅಕ್ಕನ ಮನೆ. ಹುಸೇನಪ್ಪ ಮಾಮಾ ಆಕೆಯ ಗಂಡ, ಟೇಲರ್. ಮನೆ ಮಾಮಾನ ಅಜ್ಜ ಕಟ್ಟಿಸಿದ್ದು — ಮಣ್ಣಿನ ದಪ್ಪ ಗೋಡೆ, ಕಲ್ಲುಹಾಸಿನ ನೆಲ. ಕರೆಂಟು ಆಮೇಲೆ ಬಂದದ್ದು, ಗೋಡೆಯ ಮೇಲೆ ಮರದ ಪಟ್ಟಿಯಲ್ಲಿ ಹರಿದಾಡಿತ್ತು. ಪಿಂಗಾಣಿ ಫ್ಯೂಜು, ಎರಡು ತೂತಿನ ಪ್ಲಗ್ಗು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಎಂಬುದು ಆ ಮನೆಗೆ ಗೊತ್ತೇ ಇರಲಿಲ್ಲ. ತಿಮ್ಮಣ್ಣ ಕಾಕಾ ಅಂಗಳದಲ್ಲಿ ಗುಂಡಿ ತೋಡಿ ಅರ್ಥಿಂಗ್ ಕೊಡುತ್ತೇನೆಂದರು.

"ನಮ್ಮಜ್ಜ ಹಾಸಿದ ಕಲ್ಲು ಎಬ್ಬಸ್ತಿಯೇನು? ಕರೆಂಟಿಗೆ ಅಂಗಳ ಬೇಕೇನೋ?" ಎಂದು ಮಾಮಾ ಮಷೀನಿನಿಂದ ತಲೆ ಎತ್ತದೆ ಕೇಳಿದರು.

"ಮಾವಾ, ಗುಂಡಿ ತೋಡಗೊಡಂಗಿಲ್ಲ ಅಂದ್ರ ಟ್ರಿಪ್ಪರ್ ಆದ್ರೂ ಹಚ್ಚಗೊಡ್ರಿ. ನಾ ಹೇಳೂದು ಹೇಳೀನಿ."

ಹಾಗೆ ಬಂದಿತ್ತು ಆ ಟ್ರಿಪ್ಪರಿನ ಡಬ್ಬಿ. ಆ ಹಳೇ ಮನೆಗೆ ಇದ್ದ ಕಾವಲು ಅದೊಂದೇ.

ಅದು ಮಾಡುವ ಕೆಲಸ ಇಷ್ಟು. ಕರೆಂಟು ಒಂದು ತಂತಿಯಲ್ಲಿ ಒಳಬಂದು ಇನ್ನೊಂದರಲ್ಲಿ ಅಷ್ಟೇ ವಾಪಸು ಹೋಗಬೇಕು. ನಡುವೆ ಚೂರು ಸೋರಿತು — ಒದ್ದೆ ಗೋಡೆಗೋ, ತಗಡಿಗೋ, ಮನುಷ್ಯನ ಮೈಗೋ — ಎಂದರೆ ಟ್ರಿಪ್ಪರ್ ಪಟ್ಟನೆ ಬಿದ್ದು ಎಲ್ಲ ಬಂದ್ ಮಾಡುತ್ತದೆ. ಫ್ಯೂಜಿಗೆ ಆ ಸೋರಿಕೆ ತಿಳಿಯುವುದಿಲ್ಲ. ಫ್ಯೂಜು ಕಾಯುವುದು ತಂತಿಯನ್ನು. ಒಬ್ಬ ಮನುಷ್ಯ ಸಾಯಲು ಬೇಕಾಗುವ ಕರೆಂಟಿಗೆ ಫ್ಯೂಜು ಬೆಚ್ಚಗೂ ಆಗುವುದಿಲ್ಲ. ಇದನ್ನೆಲ್ಲ ಎಲ್ಲಿಂದ ಕಲಿತೆ ಎನ್ನುತ್ತೀರಾ? ಆ ವರ್ಷವೇ ಹತ್ತನೇ ತರಗತಿಗೆ ನಾನೇ ಪಾಠ ಮಾಡಿದ್ದೆ. ಹಲಗೆಯ ಮೇಲೆ ಚಿತ್ರ ಬರೆದು, ನಡುವೆ ಹೆಡ್‌ಮಾಸ್ತರರ ದನಿಯಲ್ಲಿ ಎರಡು ವಾಕ್ಯ ಹೇಳಿ, ಇಡೀ ಕ್ಲಾಸು ನಗಿಸಿ. ತಿಳಿಯದೆ ಮಾಡಿದೆ ಎನ್ನುವ ಬಾಗಿಲು ನನಗಿಲ್ಲ.

ಬೇಸಿಗೆ ರಜೆಗೆ ಅತ್ತೆಯ ಮನೆಗೆ ಹೋಗಿದ್ದೆ. ಬಿಸಿಲು ಹೇಗಿತ್ತೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಪಡಸಾಲೆಯಲ್ಲಿ ತಗಡಿನ ಮೈಯ ಹಳೇ ಕೂಲರು, ಅದರ ಮುಂದೆ ನಾನು — ಅಳಿಯನ ಗತ್ತಿನಲ್ಲಿ ಅಂಗಾತ. ಆದರೆ ಕೂಲರು ಹಚ್ಚಿ ಸ್ವಲ್ಪ ಹೊತ್ತಾಗುವುದರೊಳಗೆ ಟ್ರಿಪ್ಪರ್ ಬೀಳುತ್ತಿತ್ತು. ಎತ್ತಿದರೆ ಮತ್ತೆ ಬೀಳುತ್ತಿತ್ತು. ಒಳಗಿನ ಪಂಪಿನ ವೈರು ನೀರಲ್ಲೇ ಇದ್ದು ಸವೆದಿತ್ತು. ಟ್ರಿಪ್ಪರ್ ಅದನ್ನೇ ಹೇಳುತ್ತಿತ್ತು, ಮತ್ತೆ ಮತ್ತೆ, ತನಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ.

ಅತ್ತೆಯ ಮಗ ಶರಣು ಸ್ಕ್ರೂಡ್ರೈವರ್ ಹಿಡಿದು ಡಬ್ಬಿಯ ಮುಂದೆ ನಿಂತ. ಅತ್ತೆ ಬಿಡಲಿಲ್ಲ.

"ತಿಮ್ಮಣ್ಣ ಹೇಳೂತನ ಅದನ್ನ ಮುಟ್ಟಬ್ಯಾಡ."

"ಅಂವ ಫೋನ್ ಎತ್ತವಲ್ಲ ಬೇ. ಗೂಗಲ್‌ಗೆ ಹೋಗ್ಯಾನಂತ."

"ಎತ್ತಿದಾಗ ಎತ್ತಲಿ. ಅಲ್ಲೀತನ ಬೀಸಣಿಕಿ ಅದ, ಬೀಸ್ಕೋರಿ."

ಬೀಸಣಿಗೆ! ನನ್ನಂಥ ಅತಿಥಿಗೆ! ಕುಡಿಯುವ ನೀರಿಗೆ ಹಾಕಲು ಬರ್ಫ ತರುತ್ತೇನೆಂದು ಹೊರಬಿದ್ದೆ. ಓಣಿಯ ತಿರುವಿನಲ್ಲಿ ಬೇವಿನ ಮರದ ಕೆಳಗೆ ನಿಂತು ಅತ್ತೆಗೆ ಫೋನ್ ಹಚ್ಚಿದೆ. ಅತ್ತೆಯದ್ದು ಗುಂಡಿ ಒತ್ತುವ ಹಳೇ ಫೋನು. ಯಾರ ಹೆಸರು ಬಂದಿದೆ ಎಂದು ಆಕೆ ನೋಡುವುದಿಲ್ಲ, ಓದಲೂ ಬರುವುದಿಲ್ಲ. ದನಿ ಕೇಳಿಯೇ ಜನರನ್ನು ಗುರುತಿಸುವುದು. ಕೆಮ್ಮಿದೆ. ಉಸಿರೆಳೆದೆ.

"ಕೇಳ್ರಿಲ್ಲೆ ಯಕ್ಕಾ. ಆ ಟ್ರಿಪ್ಪರ್ ಕೆಟ್ಟದ, ಸುಮ್ಮಸುಮ್ನ ಬೀಳ್ತದ. ಅದನ್ನ ಬಿಟ್ಟು ವೈರ್ ನೇರ ಹಚ್ಚಂತ ಶರಣುಗ ಹೇಳ್ರಿ. ಫ್ಯೂಜ್ ಅದಲ್ಲ, ಏನೂ ಆಗಂಗಿಲ್ಲ."

"ಹೌದೇನಪಾ? ನೀ ಹೇಳಿದ್ಯೆಂದ್ರ ಆತು" ಎಂದಳು ಅತ್ತೆ. ದನಿಯಲ್ಲಿ ಎಂಥ ನೆಮ್ಮದಿ...

ಫೋನಿಟ್ಟು ಒಬ್ಬನೇ ನಕ್ಕೆ. ಸುಳ್ಳು ಹೇಳಬಾರದು ಇಲ್ಲಿ — ಆ ಗಳಿಗೆಯಲ್ಲಿ ನನಗೆ ತಪ್ಪು ಮಾಡಿದೆ ಎನಿಸಲಿಲ್ಲ, ಗೆದ್ದೆ ಎನಿಸಿತು. ಎದುರಿಗೆ ಮಾಡಿ ನಗಿಸುವುದು ಯಾರಿಗೂ ಬರುತ್ತದೆ. ಫೋನಿನಲ್ಲಿ ಮಾಡಿ ನಂಬಿಸುವುದು — ಅದು ಬೇರೆಯೇ ಮಟ್ಟ ಎಂದುಕೊಂಡೆ. ಬರ್ಫ ಹಿಡಿದು ವಾಪಸು ಬಂದಾಗ ಶರಣು ಕೆಲಸ ಮುಗಿಸಿದ್ದ. ಕೂಲರು ತಿರುಗುತ್ತಿತ್ತು. ನಿಲ್ಲಲೇ ಇಲ್ಲ. ಆಮೇಲೆ ಎಲ್ಲರಿಗೂ ಹೇಳಿ ನಗಿಸಬೇಕು ಎಂದಿದ್ದೆ. ಆದರೆ ಆ ಗಾಳಿ ಹಾಯಾಗಿತ್ತು, ನಿದ್ದೆ ಹತ್ತಿತು.

ಮಾರನೆಯ ಮಧ್ಯಾಹ್ನ ಕೂಲರಿನ ನೀರು ಮುಗಿದಿತ್ತು. ಮಾಮಾ ಬಿಂದಿಗೆ ತಂದು, ಕೂಲರು ತಿರುಗುತ್ತಿರುವಾಗಲೇ ನೀರು ಸುರಿದರು. ಬರಿಗಾಲು, ನೆಲದ ಕಲ್ಲು ಒದ್ದೆ. ಬಲಗೈ ತಗಡಿನ ಮೇಲೆ ಊರಿತ್ತು. ಅವರ ಬಾಯಿಂದ ಒಂದು ಸದ್ದು ಬಂತು. ನಾನು ಅಲ್ಲೇ ಚಾಪೆಯ ಮೇಲೆ ಮಲಗಿದ್ದೆ, ಕಣ್ಣು ತೆರೆದು ನೋಡಿದೆ — ಮಾಮಾ ಏನೋ ಆಡಿ ತೋರಿಸುತ್ತಿದ್ದಾರೆ ಎಂದುಕೊಂಡೆ. ನನ್ನನ್ನು ನಗಿಸಲು. ಬಹಳ ಚೆನ್ನಾಗಿ ಮಾಡುತ್ತಿದ್ದಾರಲ್ಲ ಎಂದು ಕೂಡ —

ಶರಣು ಹೊಲಿಗೆ ಮಷೀನಿನ ಮೇಲಿದ್ದ ಕಟ್ಟಿಗೆಯ ಗಜಕೋಲು ತೆಗೆದುಕೊಂಡು ಓಡಿಬಂದು ಕೈಗೆ ಹೊಡೆದ. ಮತ್ತೊಮ್ಮೆ ಹೊಡೆದ. ಮಾಮಾ ಬಿದ್ದರು. ಫ್ಯೂಜು ಸುಟ್ಟಿರಲಿಲ್ಲ. ಕೂಲರು ಆಗಲೂ ತಿರುಗುತ್ತಿತ್ತು.

ಜೀವ ಉಳಿಯಿತು. ರಾಯಚೂರಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಉಳಿಸಿದರು. ಬಲಗೈಯ ಅಂಗೈ ಸುಟ್ಟು, ಹೆಬ್ಬೆರಳೂ ಅದರ ಪಕ್ಕದ ಬೆರಳೂ ಮಡಚದಾದವು. ಟೇಲರ್ ಕತ್ತರಿ ಹಿಡಿಯುವುದು ಆ ಬೆರಳುಗಳಿಂದಲೇ. ಆಸ್ಪತ್ರೆಯ ವರಾಂಡದಲ್ಲಿ ನಾನು ಇನ್ನೊಂದು ಕೆಲಸ ಮಾಡಿದೆ: ನೆಂಟರಿಗೆ ತಿಳಿಸುತ್ತೇನೆ ಎಂದು ಅತ್ತೆಯ ಫೋನು ಇಸಿದುಕೊಂಡು, ಅದರಲ್ಲಿದ್ದ ನನ್ನ ಕರೆಯನ್ನು ಅಳಿಸಿದೆ. ಮೊದಲಿನದ್ದನ್ನು ಹುಡುಗಾಟ ಎನ್ನಬಹುದು. ಇದಕ್ಕೆ ಆ ಹೆಸರು ಹೊಂದುವುದಿಲ್ಲ.

ಸುದ್ದಿ ಕೇಳಿ ತಿಮ್ಮಣ್ಣ ಕಾಕಾ ಮನೆಗೆ ಬಂದರು. ಅತ್ತೆ ಅವರನ್ನು ಅಂಗಳದಲ್ಲೇ ನಿಲ್ಲಿಸಿದಳು. ಓಣಿಯ ಜನ ಬಾಗಿಲಿಗೆ ಬಂದಿದ್ದರು.

"ಟ್ರಿಪ್ಪರ್ ಬಿಟ್ಟು ಹಚ್ಚಂತ ಹೇಳಿದ್ಯಲ್ಲೋ ತಿಮ್ಮಣ್ಣ! ಅಂವನ ಕೈ ತಿಂದ್ಯಲ್ಲೋ!"

"ನಾನಾ? ಯಕ್ಕಾ, ನಾ ಹಂಗ ಹೇಳೂ ಮನಷಾನೇನು?"

"ಹೇಳೀದಿ. ನಿನ್ನ ದನಿ ನನಗ ಗೊತ್ತಿಲ್ಲೇನು? ಈ ಕಿವೀಲೆ ಕೇಳೀನಿ."

ಅವರು ಜೇಬಿನಿಂದ ತಮ್ಮ ಫೋನು ತೆಗೆದು ನೋಡಿದರು. ದಿನವಿಡೀ ಹತ್ತಾರು ಮನೆಗಳಿಂದ ಬರುವ ಕರೆಗಳು, ಹಳೆಯವು ಯಾವಾಗಲೋ ಅಳಿಸಿಹೋಗಿದ್ದವು. ತಲೆ ಎತ್ತಿ ನನ್ನ ಕಡೆ ನೋಡಿದರು.

"ಗೌತಮ, ನೀ ಇದ್ದ್ಯಲ್ಲೋ ಆವತ್ತು. ನೀ ಏನ್ ಕೇಳಿದಿ?"

"ನಾ ಬರ್ಫ ತರಾಕ ಹೋಗಿದ್ದೆ, ಕಾಕಾ" ಎಂದೆ.

ಅದರಲ್ಲಿ ಸುಳ್ಳಿನ ಅಕ್ಷರ ಒಂದೂ ಇರಲಿಲ್ಲ. ಹೇಗಿದೆ ನೋಡಿ ನನ್ನ ಜಾಣತನ.

ಆಮೇಲೆ ಓಣಿಯಲ್ಲಿ ಯಾರೂ ಅವರನ್ನು ಕರೆಯಲಿಲ್ಲ. ಮಾನ್ವಿಯಲ್ಲಿ ಮಾತು ಹಬ್ಬಲು ತಂತಿ ಬೇಕಿಲ್ಲ. ಅತ್ತೆಯ ಮನೆಗೆ ಬೇರೆ ವೈರ್‌ಮನ್ ಬಂದ, ಟ್ರಿಪ್ಪರ್ ಮತ್ತೆ ಕೂತಿತು. ಮಾಮಾ ತಾವೇ ನಿಂತು ಅಜ್ಜನ ಕಲ್ಲು ಎಬ್ಬಿಸಿ ಅರ್ಥಿಂಗ್ ಗುಂಡಿ ತೋಡಿಸಿದರು. ಈಗ ಕತ್ತರಿಸುವುದು ಶರಣು. ಮಾಮಾ ಪಕ್ಕದಲ್ಲಿ ಕೂತು ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಗೆರೆ ಎಳೆಯುತ್ತಾರೆ, ಗೆರೆ ಡೊಂಕಾದರೆ ಒರೆಸಿ ಮತ್ತೆ ಎಳೆಯುತ್ತಾರೆ. ನಾನು ಹೋದಾಗಲೆಲ್ಲ, "ಯಾರ್‍ದರ ದನಿ ತಗಿಯೋ, ಕೇಳೋಣು" ಎನ್ನುತ್ತಾರೆ. ತೆಗೆಯುತ್ತಿದ್ದೆ. ಅವರು ನಗುತ್ತಿದ್ದರು.

ನಮ್ಮ ರಾಯಚೂರಿನ ಮನೆಯೂ ಹಳೆಯದೇ. ಆ ವರ್ಷವೇ ಅಪ್ಪನ ಬೆನ್ನು ಹತ್ತಿ ಅಲ್ಲಿ ಟ್ರಿಪ್ಪರ್ ಹಾಕಿಸಿದೆ, ಅರ್ಥಿಂಗ್ ಕೊಡಿಸಿದೆ. ಅದರ ಮೇಲೊಂದು ಸಣ್ಣ ಗುಂಡಿ ಇರುತ್ತದೆ — ಒತ್ತಿದರೆ ಟ್ರಿಪ್ಪರ್ ಬೀಳಬೇಕು, ಬೀಳದಿದ್ದರೆ ಕೆಟ್ಟಿದೆ ಎಂದರ್ಥ. ಆಗಾಗ ಒತ್ತಿ ನೋಡುತ್ತೇನೆ. ಮಗ ಜವಾಬ್ದಾರಿ ಕಲಿತ ಎಂದು ಅವ್ವ ನೆರೆಯವರಿಗೆ ಹೇಳುತ್ತಾಳೆ. ನಿಮ್ಮ ಮನೆಯಲ್ಲೂ ಇದ್ದರೆ ಒತ್ತಿ ನೋಡಿ. ಸುಮ್ಮಸುಮ್ಮನೆ ಬೀಳುತ್ತದೆ ಎಂದು ಯಾರಾದರೂ ಹೇಳಿದರೆ — ಅದು ಸುಮ್ಮನೆ ಬೀಳುವುದಿಲ್ಲ. ಎಲ್ಲಿ ಸೋರುತ್ತಿದೆ ಹುಡುಕಿಸಿ. ಇದನ್ನು ಹೇಳಲು ನನಗೆ ಯಾವ ಅಧಿಕಾರವೂ ಇಲ್ಲ, ಗೊತ್ತು.

ಈಚೆಗೆ ನಮ್ಮ ಶಾಲೆಯ ನೀರಿನ ಟಾಕಿಯ ನಲ್ಲಿ ಮುರಿಯಿತು. ಹೆಡ್‌ಮಾಸ್ತರರು ನನ್ನನ್ನೇ ಅಂಗಡಿಗೆ ಕಳಿಸಿದರು. ದೇವದುರ್ಗದಲ್ಲಿ ಪೈಪು, ನಲ್ಲಿ ಮಾರುವ ಆ ಅಂಗಡಿಯ ಬೀದಿಯನ್ನು ನಾನು ಬಹಳ ದಿನದಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದೆ. ತಿಮ್ಮಣ್ಣ ಕಾಕಾ ಅಲ್ಲಿ ಕೆಲಸಕ್ಕಿದ್ದಾರೆಂದು ಗೊತ್ತಿತ್ತು. ವೈರು, ಸ್ವಿಚ್ಚು ಮುಟ್ಟುವುದಿಲ್ಲವಂತೆ ಎಂದೂ ಕೇಳಿದ್ದೆ.

ನಲ್ಲಿ ಕೇಳಿದೆ. ಅವರು ಅದನ್ನು ಕೊಡುವುದು ಬಿಟ್ಟು, "ಹುಸೇನಪ್ಪ ಮಾವನ ಕೈ ಹೆಂಗದಪ?" ಎಂದರು.

"ಹಂಗ ಅದ ಕಾಕಾ."

"ನಾ ಹೇಳಬಾರದಿತ್ತೋ ಗೌತಮ" ಎಂದರು.

ಅವರೇ ಮುಂದುವರಿಸಿದರು.

"ಮೊದಮೊದಲು ನಾ ಹೇಳೇ ಇಲ್ಲ ಅಂತ ಜಗಳಾಡಿದೆ. ಆಮ್ಯಾಲೆ ಕುಂತು ವಿಚಾರ ಮಾಡಿದೆ. ಫೋನ್ ಬಂದಿತ್ತು. ಗೂಗಲ್‌ದಾಗ ಏಣಿ ಮ್ಯಾಲಿದ್ದೆ, ಹೊಳಿ ಕಡಿಂದ ಗಾಳಿ ಬಡಿಯಾಕತ್ತಿತ್ತು, ಅಕ್ಕ ಹೇಳೂದು ಅರ್ಧ ಕೇಳಸ್ತು, ಅರ್ಧ ಇಲ್ಲ. ಬಿಸಿಲಾಗ ತಲಿ ನೆಟ್ಟಗಿರಲಿಲ್ಲ ನೋಡು... ಅಂದುಬಿಟ್ಟೆ. ಎಲ್ಲಾ ನೆನಪಾತು. ಅದಕ್ಕ ಬಿಟ್ಟೆ ಆ ಕೆಲಸ. ಇನ್ನೊಬ್ಬರ ಮನ್ಯಾಗ ಏನಂತೀನೋ ಯಾವಂಗ ಗೊತ್ತು?"

ಆ ಏಣಿ, ಆ ಗಾಳಿ — ಒಂದೂ ನಡೆದದ್ದಲ್ಲ. ಬೇವಿನ ಮರದ ಕೆಳಗೆ ನಾನು ಆಡಿದ ಮಾತಿಗೆ ಈ ಮನುಷ್ಯ ಜಾಗ ಹುಡುಕಿ, ಗಾಳಿ ಬೀಸಿಸಿ, ತಮ್ಮ ತಲೆಯೊಳಗೆ ನೆನಪು ಕಟ್ಟಿ ಇಟ್ಟುಕೊಂಡಿದ್ದರು. ಅವರ ದನಿ ಕದ್ದೆ ಎಂದಷ್ಟೇ ತಿಳಿದಿದ್ದೆ. ಅವರು ತಮ್ಮನ್ನು ತಾವು ನಂಬುವುದನ್ನೂ ಕದ್ದಿದ್ದೆ.

"ಕಾಕಾ, ಅದು ನೀವಲ್ಲ. ನಾನು" ಎಂದೆ.

ಅವರಿಗೆ ತಿಳಿಯಲಿಲ್ಲ. ನಾನು ಏನು ಮಾಡಿದೆನೆಂದು ಮತ್ತೊಮ್ಮೆ ಬಿಡಿಸಿ ಹೇಳಿದೆ. ಆಗಲೂ ಹಾಗೇ ನೋಡುತ್ತಿದ್ದರು. ಬೇರೆ ದಾರಿ ಕಾಣದೆ, ಆ ಅಂಗಡಿಯಲ್ಲಿ, ಅವರ ಎದುರಿಗೆ ಕೆಮ್ಮಿ, ಉಸಿರೆಳೆದು, ಆವತ್ತಿನ ಮಾತು ಇದ್ದ ಹಾಗೇ ಆಡಿದೆ.

"ಇನ್ನೊಮ್ಮಿ ಅನ್ನು."

ಅಂದೆ. ನನ್ನ ಜೀವಮಾನದಲ್ಲಿ ಇಷ್ಟು ಚೆನ್ನಾಗಿ ನಾನು ಯಾರನ್ನೂ ಮಾಡಿರಲಿಲ್ಲ, ಇಷ್ಟು ಹೇಸಿಕೊಂಡೂ ಮಾಡಿರಲಿಲ್ಲ.

ಅವರು ಪೈಪಿನ ಕಟ್ಟಿನ ಮೇಲೆ ಕೂತರು. "ಮೇನ್ ಬಂದ್ ಮಾಡಿರೇನು ಅಂತ ನೀ ಕೇಳಲೇ ಇಲ್ಲಲ್ಲೋ. ನಾ ಮೊದಲ ಅದನ್ನ ಕೇಳ್ತೀನಿ. ಅದನ್ನ ಕೇಳದ ಯಾರಿಗೂ ವೈರ್ ಮುಟ್ಟು ಅನ್ನಂಗಿಲ್ಲ."

ಹೌದು. ಪ್ರತಿ ಸಲ ಕೇಳುತ್ತಿದ್ದರು. ಕೆಮ್ಮು ನಗಿಸುತ್ತದೆ, ಉಸಿರು ನಗಿಸುತ್ತದೆ. ಆ ಪ್ರಶ್ನೆ ಯಾರನ್ನೂ ನಗಿಸುವುದಿಲ್ಲ, ಅದಕ್ಕೇ ನಾನು ಕಲಿತಿರಲಿಲ್ಲ.

"ಹಂಗಾದ್ರ... ಗೂಗಲ್‌ದಾಗ ಫೋನ್ ಬಂದಿದ್ದು?"

"ಬಂದೇ ಇಲ್ಲ ಕಾಕಾ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಬರೆಯಲು ಹೊರಟಿದ್ದೆ — ಯಾರಿಗೆ ಚೆನ್ನಾಗಿತ್ತು? ಜೇಬಿನಿಂದ ಫೋನು ತೆಗೆದು ಅತ್ತೆಗೆ ಹಚ್ಚಿದರು. ಸುತ್ತಲಿನ ಗದ್ದಲಕ್ಕೆ ಕೇಳಿಸಲೆಂದು ಸ್ಪೀಕರ್ ಹಾಕಿದರು.

"ಕೇಳ್ರಿಲ್ಲೆ ಯಕ್ಕಾ. ನಾ ತಿಮ್ಮಣ್ಣ. ಆವತ್ತು ನಾ ಹೇಳಿರಲಿಲ್ಲರಿ, ಈಗ ಗೊತ್ತಾತು —"

"ಲೇ ಗೌತ್ಯಾ!" ಅತ್ತೆ ಅಲ್ಲಿಂದ ಚೀರಿದಳು. "ನಾಚಿಕಿ ಬರಂಗಿಲ್ಲೇನೋ ನಿನಗ? ಎಲ್ಲಾ ಬಿಟ್ಟು ಅಂವನ ದನಿ ತಗಿತಿ? ನಿಮ್ಮ ಮಾಮಾ ಇಲ್ಲೇ ಕುಂತಾನ, ಕೇಳಿದ್ರ ಏನ್ ಅನ್ಕೋಬೇಕು?"

"ಯಕ್ಕಾ, ನಾನರಿ, ಖರೇನ ತಿಮ್ಮಣ್ಣ..."

"ಬಂದ್ ಮಾಡ್ತಿಯೋ ಇಲ್ಲೋ!"

ತಿಮ್ಮಣ್ಣ ಕಾಕಾ ಫೋನನ್ನೂ ನನ್ನನ್ನೂ ನೋಡಿದರು. ತಮ್ಮದೇ ದನಿಯಲ್ಲಿ, ತಮ್ಮದೇ ನಿಜ ಹೇಳಿದರೂ ನಂಬದ ಹಾಗೆ ಮಾಡಿಟ್ಟಿದ್ದೆ ನಾನು. ಅವರು ಫೋನು ನನ್ನ ಮುಂದೆ ಹಿಡಿದರು.

"ಅತ್ತಿ, ಗೌತಮ ಮಾತಾಡಾಕತ್ತೀನಿ" ಎಂದೆ. "ಈಗ ಮಾತಾಡಿದ್ದು ತಿಮ್ಮಣ್ಣ ಕಾಕಾನ. ಆವತ್ತು ಮಾತಾಡಿದ್ದು ನಾನು."

ಆ ಕಡೆ ಹೊಲಿಗೆ ಮಷೀನಿನ ಸದ್ದು ಕೇಳುತ್ತಿತ್ತು. ಅತ್ತೆ ಫೋನು ಇಡಲಿಲ್ಲ. ಆಮೇಲೆ ಆಕೆ ನನಗಲ್ಲದೆ ಮನೆಯೊಳಗಿನ ಯಾರಿಗೋ ಹೇಳುವುದು ಕೇಳಿಸಿತು — "ತಿಮ್ಮಣ್ಣ ಹೇಳಿರಲಿಲ್ಲಂತ." ಮಷೀನು ನಿಂತಿತು. ಮಾಮಾ, "ಮತ್ತ ಯಾರು?" ಎಂದರು.

ಅತ್ತೆ ನನ್ನ ಹೆಸರು ಹೇಳಿದಳು.

ಅಲ್ಲಿಗೆ ಫೋನು ಕಟ್ಟಾಯಿತು. ತಿಮ್ಮಣ್ಣ ಕಾಕಾ ಫೋನು ಜೇಬಿಗಿಟ್ಟು, ನಾನು ಕೇಳಿದ್ದ ನಲ್ಲಿಯನ್ನು ಕಾಗದದಲ್ಲಿ ಸುತ್ತಿ ಕಟ್ಟೆಯ ಮೇಲಿಟ್ಟರು.

"ಇದನ್ನ ನಿಮ್ಮ ಸಾಲಿಗೆ ನಾ ಮುಟ್ಟಸ್ತೀನಿ. ಮಾನ್ವಿ ಬಸ್ ನಿಂತದ, ನೀ ಹತ್ತು."

ಹತ್ತಿದೆ.